ಎರೆಮಣ್ಣು, ಜೋಳದ ದಂಟು, ಮುತ್ತುಗದ ಎಲೆ: ಪುಟ್ಟ ಮಕ್ಕಳೊಡನೆ ಬಯಲಿನಲ್ಲಿ ಮಾಡುವ ಕೈಕೆಲಸ

ರಜಾ ಶಿಬಿರಗಳಲ್ಲಿ, ಬಾಲವಾಡಿಗಳಲ್ಲಿ, ಧರ್ಮೋಪದೇಶ ತರಗತಿಗಳಲ್ಲಿ ಪುಟ್ಟ ಮಕ್ಕಳಿಗೆ ಕೈಕೆಲಸ ಹೇಳಿಕೊಡುವವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಕರಾವಳಿಯವರು ಇದಕ್ಕೆ ಸಾಮಗ್ರಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಒಂದು ತೆಂಗಿನ ಗರಿ ಸಿಕ್ಕಿದರೆ ಗಿರಿಗಿಟ್ಲೆ, ಪೀಪಿ, ಕೈಗಡಿಯಾರ, ಹಾವು ಎಲ್ಲವೂ ಆಗುತ್ತದೆ. ಆದರೆ ಅಂಕೋಲೆಯಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಯ ದಾರಿ ಹಿಡಿದು ಘಟ್ಟ ಹತ್ತಿದವರಿಗೆ ಕಲಘಟಗಿ ದಾಟುವಷ್ಟರಲ್ಲಿ ತೆಂಗು ವಿರಳವಾಗುತ್ತದೆ. ಹುಬ್ಬಳ್ಳಿಯಿಂದ ಆಚೆ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳ ಕಡೆ ಹೊರಳಿದರೆ ಕಣ್ಣು ಹಾಯುವವರೆಗೂ ಕಪ್ಪು ಹೊಲ, ಮರಗಳೇ ಕಡಿಮೆ. ಅಲ್ಲಿನ ಹಳ್ಳಿಗಳಿಗೆ ಶಿಬಿರ ನಡೆಸಲು ಹೋಗುವ ನಮ್ಮ ಯುವಜನರು "ಅಲ್ಲಿ ಏನೂ ಸಿಗುವುದಿಲ್ಲ" ಎಂದು ಪೇಟೆಯಿಂದಲೇ ಐಸ್‌ಕ್ರೀಮ್ ಕಡ್ಡಿ, ಥರ್ಮೋಕೋಲ್, ಮಿಂಚಿನ ಪುಡಿ ಕಟ್ಟಿಕೊಂಡು ಹೋಗುವುದುಂಟು.

ಇದು ಅನಾವಶ್ಯಕ ಖರ್ಚು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮಣ್ಣಿನ ಕೈಕೆಲಸಕ್ಕೆ ಒಂದು ಪಂಚಾಂಗವೇ ಇದೆ. ಮುಂಗಾರು ಶುರುವಾಗುವಾಗ ಮಣ್ಣಿನ ಎತ್ತು, ಆಷಾಢದಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪತಿ ಮತ್ತು ಜೋಕುಮಾರ ಹೀಗೆ ವರ್ಷಕ್ಕೆ ಐದು ಸಲ ಮಣ್ಣಿಗೆ ರೂಪ ಕೊಡುತ್ತಾರೆ. ದೀಪಾವಳಿಗೆ ಸೆಗಣಿಯ ಪಾಂಡವರು ಬೇರೆ. ಇವುಗಳಲ್ಲಿ ಗಣಪತಿ, ಜೋಕುಮಾರ ಇವು ಕಸುಬುದಾರರ ಕೆಲಸ. ಎತ್ತು ಮತ್ತು ಗುಳ್ಳವ್ವ ಮಾತ್ರ ಮನೆಯ ಕಟ್ಟೆಯ ಮೇಲೆ ಹಿರಿಯರೂ ಮಕ್ಕಳೂ ಕೂಡಿಯೇ ಮಾಡಿಕೊಳ್ಳುತ್ತಿದ್ದಂಥವು.

ಈಗ ಸಂತೆಯಿಂದ ಸಿದ್ಧ ಎತ್ತಿನ ಜೋಡಿ ತರುವ ಮನೆಗಳು ಹೆಚ್ಚಾಗಿವೆ. ಕುಂಬಾರರಿಗೆ ನಾಲ್ಕು ಕಾಸು ಸಿಗುವುದು ಒಳ್ಳೆಯದೇ. ಆದರೆ ಆ ಮನೆಯ ಐದು ವರ್ಷದ ಮಗುವಿಗೆ ಮಣ್ಣು ನಾದುವ ಸಂದರ್ಭವೇ ತಪ್ಪಿಹೋಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಹಟ್ಟಿಗಳಲ್ಲಿ ಎತ್ತೂ ಇಲ್ಲ. ರೈತನ ಮನೆಯಲ್ಲೇ ಹುಟ್ಟಿದ ಮಗುವಿಗೆ ಎತ್ತಿನ ಹಿಣಿಲು ಬೆನ್ನಿನ ಯಾವ ಭಾಗದಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಅದು ಮಗುವಿನ ತಪ್ಪಲ್ಲ. ಶಿಬಿರಕ್ಕೆ ಹೋಗುವವರು ಹೊಸದೇನನ್ನೋ ಕಲಿಸುವ ಬದಲು ಆ ಊರಲ್ಲೇ ಇದ್ದು ಮರೆಯಾಗುತ್ತಿರುವುದನ್ನು ಎತ್ತಿಕೊಂಡರೆ ಸಾಮಗ್ರಿಯ ಖರ್ಚೂ ಉಳಿಯುತ್ತದೆ, ಊರಿನ ಅಜ್ಜ ಅಜ್ಜಿಯರೂ ಜತೆಗೆ ಬಂದು ಕೂರುತ್ತಾರೆ.

ಮಣ್ಣೆತ್ತಿನ ಅಮಾವಾಸ್ಯೆ

ಜ್ಯೇಷ್ಠ ಮಾಸದ ಹುಣ್ಣಿಮೆ ಕಾರಹುಣ್ಣಿಮೆ. ಅಂದು ಜೀವಂತ ಎತ್ತುಗಳಿಗೆ ಮೈತೊಳೆದು, ಬಣ್ಣ ಬಳಿದು ಓಡಿಸುತ್ತಾರೆ. ಅದಾದ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಯೇ ಮಣ್ಣೆತ್ತಿನ ಅಮಾವಾಸ್ಯೆ. ಸಾಮಾನ್ಯವಾಗಿ ಇದು ಜೂನ್ ಕೊನೆಗೆ ಇಲ್ಲವೆ ಜುಲೈ ಮೊದಲಿಗೆ ಬರುತ್ತದೆ. 2025ರಲ್ಲಿ ಜೂನ್ 25ರಂದು ಬಂದಿತ್ತು. ಅಂದು ಮನೆಯಲ್ಲಿ ಒಂದು ಜೋಡಿ ಮಣ್ಣಿನ ಎತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿಯನ್ನೂ ಮಣ್ಣಿನಲ್ಲೇ ಮಾಡಿ ಪೂಜಿಸುತ್ತಾರೆ. ಹಬ್ಬ ಮುಗಿದ ಮೇಲೆ ಹುಡುಗರು ಒಂದು ಎತ್ತನ್ನು ಹಿಡಿದುಕೊಂಡು ಹಾಡು ಹೇಳುತ್ತ ಮನೆಮನೆಗೆ ಹೋಗಿ ಕಾಳು ಬೇಡಿ ತಂದು, ಊರ ಹೊರಗೆ ಕೂಡಿ ಉಣ್ಣುವ ಪದ್ಧತಿಯೂ ಇದೆ.

'ಗ್ವಾದಲಿ' ಎಂಬ ಪದ ನಮ್ಮ ಓದುಗರಿಗೆ ಹೊಸದಲ್ಲ. ಕ್ರಿಸ್ಮಸ್ ಸಮಯದಲ್ಲಿ ನಾವು ಕಟ್ಟುವ 'ಗೋದಲಿ' ಇದೇ ಪದ. ದನಗಳ ಮೇವಿನ ತೊಟ್ಟಿ ಎಂದೇ ಅರ್ಥ. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿ ಮಾಡಿದಾಗ ಗೊಂಬೆಗಳನ್ನಿಡದೆ, ನಿಜವಾದ ಎತ್ತು ಮತ್ತು ಕತ್ತೆಯನ್ನೇ ತಂದು ಕಟ್ಟಿದ್ದರು. ನಾವೀಗ ಪೇಟೆಯಿಂದ ಪ್ಲಾಸ್ಟರ್ ಎತ್ತು ತರುತ್ತೇವೆ. ಎರೆ ಸೀಮೆಯ ಮಕ್ಕಳು ಮಾಡಿದ ಕಪ್ಪು ಎತ್ತು ಡಿಸೆಂಬರಿನ ಗೋದಲಿಯಲ್ಲಿ ನಿಂತರೆ ಅದರ ಸೊಗಸೇ ಬೇರೆ. ಆದರೆ ಒಂದು ಮಾತು ನೆನಪಿರಲಿ. ಅಮಾವಾಸ್ಯೆಯಂದು ಮನೆಯ ಜಗಲಿಯ ಮೇಲಿರುವ ಎತ್ತು ಆ ಮನೆಯವರಿಗೆ ಪೂಜೆಯ ವಸ್ತು. ಅದನ್ನು ಆಟಿಕೆಯೆಂದು ಮುಟ್ಟುವುದಾಗಲಿ, ಕೇಳದೆ ಫೋಟೋ ತೆಗೆಯುವುದಾಗಲಿ ಸಲ್ಲದು. ಶಿಬಿರದ ಎತ್ತನ್ನು ಬೇರೆಯೇ ಮಾಡಿಕೊಳ್ಳಿ.

ಎರೆಮಣ್ಣು ಏಕೆ ಬಿರಿಯುತ್ತದೆ?

ಕರಾವಳಿಯ ಚಿರೆಕಲ್ಲಿನ ಕೆಂಪು ಮಣ್ಣಿನಲ್ಲಿ ಕೈ ಪಳಗಿದವರು ಎರೆಮಣ್ಣಿನ ಮುಂದೆ ಮೊದಲ ದಿನವೇ ಸೋಲುತ್ತಾರೆ. ಸಂಜೆ ಅಂದವಾಗಿದ್ದ ಎತ್ತು ಮರುದಿನ ಬಿಸಿಲಿಗೆ ಕುತ್ತಿಗೆ ಬಿರಿದು ಬಿದ್ದಿರುತ್ತದೆ, ಮಗು ಅಳುತ್ತದೆ. ಕಾರಣ ಮಣ್ಣಿನಲ್ಲೇ ಇದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ ಹೆಚ್ಚು. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ನೀರು ಪದರಗಳ ನಡುವೆ ಹೊಕ್ಕು ಅವನ್ನು ಅಗಲಿಸುತ್ತದೆ. ಹೀಗಾಗಿ ಮಳೆಯಲ್ಲಿ ಹೊಲವೇ ಉಬ್ಬುತ್ತದೆ, ಬೇಸಿಗೆಯಲ್ಲಿ ಅದೇ ಹೊಲ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿರುವ ಜೇಡಿ ಹೀಗೆ ಉಬ್ಬುವುದಿಲ್ಲ. ಹೊಲದಲ್ಲಿ ಆಗುವುದೇ ಎತ್ತಿನ ಮೈಯಲ್ಲೂ ಆಗುತ್ತದೆ. ಹೊರಮೈ ಬೇಗ ಒಣಗಿ ಕುಗ್ಗಿ, ಒಳಗಿನ ಹಸಿಯ ಮೇಲೆ ಬಿರಿದುಕೊಳ್ಳುತ್ತದೆ.

ಇದಕ್ಕೆ ಉಪಾಯ ಎರಡು: ಮಣ್ಣಿಗೆ ಬೆರಕೆ ಹಾಕುವುದು, ನಿಧಾನ ಒಣಗಿಸುವುದು. ಒಣಗಿದ ಎರೆ ಹೆಂಟೆಗಳನ್ನು ಕುಟ್ಟಿ, ಜರಡಿ ಹಿಡಿದು, ಕಲ್ಲು ಬೇರು ತೆಗೆದು, ಒಂದು ರಾತ್ರಿ ನೆನೆಹಾಕಿ. ಹೆಂಟೆ ಒಡೆಯುವ ಕೆಲಸ ಹುಡುಗರಿಗೆ ಬಹಳ ಇಷ್ಟ, ಅವರಿಗೇ ಬಿಡಿ. ಮರುದಿನ ಮೇಲಿನ ನೀರು ಬಸಿದು, ಅಂದಾಜು ಮೂರು ಬೊಗಸೆ ಎರೆಮಣ್ಣಿಗೆ ಒಂದು ಬೊಗಸೆ ಸಣ್ಣ ಮರಳು ಮತ್ತು ಒಂದು ಹಿಡಿ ನುಣುಪಾದ ಹೊಟ್ಟು ಬೆರೆಸಿ ನಾದಬೇಕು. ಮರಳು ಕುಗ್ಗುವುದಿಲ್ಲ, ಹೊಟ್ಟು ಮಣ್ಣನ್ನು ಹಿಡಿದಿಡುತ್ತದೆ. ಮಣ್ಣಿನ ಗೋಡೆ ಮೆತ್ತುವವರು ಹೊಟ್ಟು ಹಾಕುವುದೂ ಇದಕ್ಕೇ. ಹತ್ತಿ ಬೆಳೆಯುವ ಸೀಮೆಯಾದ್ದರಿಂದ ಹೊಟ್ಟಿನ ಬದಲು ಬಿಡಿಸಿದ ಅರಳೆಯ ಎಳೆಗಳನ್ನೂ ಹಾಕಬಹುದು. ಕಲಘಟಗಿ ಕಡೆ ಮಸಾರಿ, ಅಂದರೆ ಕೆಂಪು ಬೆರೆತ ಮಣ್ಣು ಸಿಗುವುದರಿಂದ ಅದನ್ನೇ ಮರಳಿನ ಬದಲು ಬೆರೆಸಿದರೂ ಆಗುತ್ತದೆ. ಅಂಗೈಯಲ್ಲಿ ಹೊಸೆದ ಬೆರಳು ದಪ್ಪದ ಬತ್ತಿಯನ್ನು ಬಾಗಿಸಿ ನೋಡಿ. ಮುರಿದರೆ ನೀರು ಕಡಿಮೆ, ಕೈಗೆ ಮೆತ್ತಿದರೆ ನೀರು ಹೆಚ್ಚು.

ಎತ್ತು ಮಾಡುವ ಬಗೆ ಹೀಗೆ: ದೊಡ್ಡ ಬದನೆಕಾಯಿ ಗಾತ್ರದ ಒಂದೇ ಮುದ್ದೆಯಿಂದ ಮೈ ಮತ್ತು ತಲೆ ಎರಡನ್ನೂ ಎಳೆದು ತೆಗೆಯಬೇಕು. ತಲೆಯನ್ನು ಬೇರೆ ಮಾಡಿ ಅಂಟಿಸಿದರೆ ಕುತ್ತಿಗೆಯಲ್ಲೇ ಬಿರುಕು ಬೀಳುತ್ತದೆ. ಹಿಣಿಲನ್ನು ಹೆಬ್ಬೆರಳು ತೋರುಬೆರಳಿನಿಂದ ಚಿವುಟಿ ಮೇಲೆತ್ತಿ. ಕಾಲುಗಳು ಗಿಡ್ಡ, ದಪ್ಪ ಇರಲಿ. ಕಾಲು ಗಟ್ಟಿಯಾಗಲೆಂದು ಒಳಗೆ ಕಡ್ಡಿ ತೂರಿಸುವವರುಂಟು, ಆದರೆ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಸುತ್ತಲೂ ಸೀಳುತ್ತದೆ. ಹಳ್ಳಿಯ ಮಣ್ಣೆತ್ತುಗಳ ಕುಳ್ಳ ಕಾಲು ಕಂಡು ನಗುವ ಪೇಟೆಯವರಿಗೆ ಅದರ ಹಿಂದಿನ ಈ ಜಾಣ್ಮೆ ಗೊತ್ತಿಲ್ಲ. ಕೊಂಬು, ಕಿವಿಗಳನ್ನು ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಾದ ಮಣ್ಣನ್ನು ಸವರಿ ಒತ್ತಬೇಕು. ನಂತರ ಒದ್ದೆ ಬಟ್ಟೆ ಮುಚ್ಚಿ ಒಂದು ದಿನ, ಬಟ್ಟೆ ತೆಗೆದು ನೆರಳಿನಲ್ಲಿ ನಾಲ್ಕೈದು ದಿನ ಬಿಡಿ. ದಿನಕ್ಕೊಮ್ಮೆ ಮಗ್ಗುಲು ಬದಲಿಸಿ. ಕೂದಲೆಳೆಯಷ್ಟು ಬಿರುಕು ಕಂಡ ಕೂಡಲೇ ನೀರುಮಣ್ಣು ತುಂಬಿಸಿದರೆ ಮುಚ್ಚಿಕೊಳ್ಳುತ್ತದೆ. ಐದು ದಿನದ ಶಿಬಿರವಾದರೆ ಮಣ್ಣಿನ ಕೆಲಸ ಮೊದಲ ದಿನವೇ ಆಗಬೇಕೆಂಬುದು ಇದರಿಂದ ಸ್ಪಷ್ಟ.

ಎಲ್ಲ ಮಕ್ಕಳಿಂದಲೂ ಎತ್ತನ್ನು ನಿರೀಕ್ಷಿಸಬೇಡಿ. ಮೂರು ವರ್ಷದ ಮಗು ಉಂಡೆ ಕಟ್ಟಿ ಬತ್ತಿ ಹೊಸೆದರೆ ಸಾಕು. ಅದನ್ನೇ ಬಾಗಿಸಿದರೆ ಗ್ವಾದಲಿ, ಸುತ್ತಿದರೆ ಮಲಗಿದ ಹಾವು. ಐದಾರು ವರ್ಷದವರು ಎತ್ತಿಗೆ ಬರುತ್ತಾರೆ. ಜರ್ಮನಿಯಲ್ಲಿ 1837ರಲ್ಲಿ ಶಿಶುವಿಹಾರ ಆರಂಭಿಸಿದ ಫ್ರೋಬೆಲ್ ಮಕ್ಕಳ ಕೆಲಸಗಳಲ್ಲಿ ಮಣ್ಣಿನ ಕೆಲಸವನ್ನೂ ಸೇರಿಸಿದ್ದರು. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದು, 1939ರಲ್ಲಿ ಭಾರತಕ್ಕೂ ಬಂದ ಮಾರಿಯಾ ಮಾಂಟೆಸ್ಸರಿ ಅವರು ಕೈಯ ಮೂಲಕವೇ ಬುದ್ಧಿ ಬೆಳೆಯುತ್ತದೆಂದು ನಂಬಿದ್ದರು. ನಮ್ಮ ದೇಶದಲ್ಲಿ 2022ರಲ್ಲಿ ಹೊರಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳಿಗೆ ಸ್ಥಳೀಯ ಆಟಿಕೆ ಮತ್ತು ಆಟದ ಮೂಲಕ ಕಲಿಸಬೇಕೆನ್ನುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಮಾತು ಹೇಳಿದರೆ ಮಣ್ಣಿನ ಕೆಲಸಕ್ಕೆ ಪಾಲಕರನ್ನು ಒಪ್ಪಿಸಲು ಅವರಿಗೂ ಅನುಕೂಲ.

ಕಣಿಕೆಯ ಚಕ್ಕಡಿ

ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಜೋಳದ ದಂಟು ಹೇಳಿ ಮಾಡಿಸಿದ ಸಾಮಗ್ರಿ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಯುತ್ತಾರೆ. ಒಣಗಿದ ದಂಟಿಗೆ ಅಲ್ಲಿ ಕಣಿಕೆ ಎನ್ನುತ್ತಾರೆ. ಏಪ್ರಿಲ್ ವೇಳೆಗೆ ಹಿತ್ತಿಲುಗಳಲ್ಲಿ ಬಣವೆಗಳು ಎದ್ದಿರುತ್ತವೆ. ಬಣವೆ ಎಂದರೆ ವರ್ಷದ ಮೇವು, ಹಣ ಕೊಟ್ಟರೂ ಸುಲಭಕ್ಕೆ ಸಿಗದಂಥದು. ಆದ್ದರಿಂದ ಯಜಮಾನರನ್ನು ಕೇಳದೆ ಒಂದು ದಂಟನ್ನೂ ಎಳೆಯಬಾರದು. "ಅಜ್ಜಾರ, ಹುಡುಗರಿಗೆ ನಾಲ್ಕು ದಂಟು ಬೇಕಿತ್ರಿ" ಎಂದರೆ ಇಲ್ಲ ಎನ್ನುವವರು ಕಡಿಮೆ. ಬಹುಶಃ ಅವರೇ ಕುಳಿತು ಮೊದಲ ಚಕ್ಕಡಿ ಮಾಡಿಕೊಟ್ಟಾರು.

ದಂಟಿನ ಒಳಗೆ ಹಗುರವಾದ ಬಿಳಿ ಬೆಂಡು, ಹೊರಗೆ ಗಟ್ಟಿ ಸಿಪ್ಪೆ. ಇಡೀ ಕೆಲಸದ ಗುಟ್ಟು ಇಷ್ಟೇ: ಬೆಂಡು ಮೈ, ಸಿಪ್ಪೆ ಮೊಳೆ. ಗೆಣ್ಣುಗಳ ನಡುವಿನ ತುಂಡನ್ನು ಕತ್ತರಿಸಿ, ಸಿಪ್ಪೆಯನ್ನು ಉದ್ದುದ್ದ ಸುಲಿದಿಟ್ಟುಕೊಳ್ಳಿ. ಬೆಂಡನ್ನು ಎರಡು ದಪ್ಪ ಬಿಲ್ಲೆಗಳಾಗಿ ಕೊಯ್ದರೆ ಗಾಲಿ. ಇನ್ನೊಂದು ಬೆಂಡಿನ ತುಂಡಿಗೆ ಅಡ್ಡಲಾಗಿ ಸಿಪ್ಪೆಯ ಕಡ್ಡಿ ಚುಚ್ಚಿ ಎರಡು ತುದಿಗೆ ಗಾಲಿ ತೂರಿಸಿದರೆ ಅಚ್ಚು ಆಯಿತು. ಅದರ ಮೇಲೆ ಎರಡು ಉದ್ದನೆಯ ಸಿಪ್ಪೆ ಊರಿ ಮುಂದಕ್ಕೆ ಕೂಡಿಸಿದರೆ ಮೂಕಿ, ತುದಿಗೆ ಅಡ್ಡ ಬೆಂಡಿಟ್ಟರೆ ನೊಗ. ಗೋಂದು, ದಾರ, ಮೊಳೆ ಯಾವುದೂ ಬೇಡ. ಗಾಲಿ ತಿರುಗದಿದ್ದರೆ ತೂತನ್ನು ಕಡ್ಡಿಯಿಂದ ಸ್ವಲ್ಪ ಅಗಲಿಸಿ. ಇದೇ ಬೆಂಡು, ಸಿಪ್ಪೆಯಲ್ಲಿ ಕನ್ನಡಕ, ಕುರ್ಚಿ, ಒಂಟೆ ಎಲ್ಲ ಮಾಡಬಹುದು. ಮಣ್ಣಿನ ಎತ್ತುಗಳಿಗೆ ಈ ಚಕ್ಕಡಿ ಕಟ್ಟಲು ಹೋಗಬೇಡಿ, ತೂಕಕ್ಕೆ ನೊಗ ಮುರಿಯುತ್ತದೆ. ಎತ್ತುಗಳನ್ನೂ ಬೆಂಡಿನಲ್ಲೇ ಮಾಡಿ.

ಸಿಪ್ಪೆಯ ಅಂಚು ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಕತ್ತರಿಸುವುದು, ಸುಲಿಯುವುದು ದೊಡ್ಡವರ ಕೆಲಸ; ಚುಚ್ಚಿ ಜೋಡಿಸುವುದು ಮಾತ್ರ ಮಕ್ಕಳದು. ಐದು ವರ್ಷದೊಳಗಿನವರಿಗೆ ಸುಲಿದ ಬೆಂಡನ್ನು ಮಾತ್ರ ಕೊಡಿ.

ಕಲಘಟಗಿಯ ಎಲೆಗಳು

ಕಲಘಟಗಿ ತಾಲೂಕು ಮಲೆನಾಡಿನ ಸೆರಗು. ಬಣ್ಣದ ಮರದ ತೊಟ್ಟಿಲುಗಳಿಗೆ ಕಲಘಟಗಿ ಹೆಸರುವಾಸಿ, ಅವನ್ನು ಮಾಡುವ ಮನೆಗೆ ಮಕ್ಕಳನ್ನು ಕರೆದೊಯ್ದು ತೋರಿಸಿದರೆ ಒಳ್ಳೆಯದು. ಆದರೆ ಅರಗು ಮತ್ತು ಉಳಿಯ ಕೆಲಸ ಪುಟ್ಟ ಕೈಗಳದಲ್ಲ. ಪುಟ್ಟ ಕೈಗಳಿಗೆ ಅಲ್ಲಿ ಎಲೆಗಳಿವೆ. ಮುತ್ತುಗದ ಎಲೆ ಮೂರು ಮೂರಾಗಿ ಬರುತ್ತದೆ. ಬಿದಿರಿನ ಸಣ್ಣ ಕಡ್ಡಿಯಿಂದ ಎರಡು ಎಲೆಯ ಅಂಚು ಕೂಡಿಸಿ ಚುಚ್ಚಿ ಹೊರತೆಗೆದು, ಉಳಿದ ಕಡ್ಡಿಯನ್ನು ಮುರಿದರೆ ಒಂದು ಹೊಲಿಗೆ. ಐದಾರು ಎಲೆಗೆ ಒಂದು ಪತ್ರಾವಳಿ. ಮಗುವಿಗೆ ವರ್ತುಲ ಬರದಿದ್ದರೂ ಚಿಂತೆಯಿಲ್ಲ, ಅಂದಿನ ಅವಲಕ್ಕಿಯನ್ನು ಅದೇ ಎಲೆಯಲ್ಲಿ ಬಡಿಸಿ. ತಾನು ಮಾಡಿದ ಎಲೆಯಲ್ಲಿ ಉಣ್ಣುವ ಮಗು ಎರಡನೆಯ ಸಲ ಬೇಡ ಎನ್ನುವುದಿಲ್ಲ.

ಸಾಗವಾನಿಯ ಎಲೆ ಇನ್ನೂ ದೊಡ್ಡದು. ಎರಡನ್ನು ಕೂಡಿಸಿ ಚುಚ್ಚಿದರೆ ಟೊಪ್ಪಿಗೆ. ಅದರ ಎಳೆಯ ಚಿಗುರನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತದಂಥ ಕೆಂಪು ಬರುತ್ತದೆ; ಕಾಗದದ ಮೇಲೆ ಬೆರಳಚ್ಚು ಒತ್ತಿಸಲು ಇದು ಸಾಕು. ಫೆಬ್ರವರಿ, ಮಾರ್ಚಿನಲ್ಲಿ ಮುತ್ತುಗದ ಹೂ ಉದುರಿರುತ್ತದೆ. ರಾತ್ರಿ ನೆನೆಹಾಕಿ ಸ್ವಲ್ಪ ಕುದಿಸಿದರೆ ಕೇಸರಿ ಹಳದಿ ಬಣ್ಣ. ಮೊದಲು ಹೋಳಿಗೆ ಇದೇ ಬಣ್ಣವಿತ್ತು. ಇಂದೋರಿನ ಕಲಾವಿದ ವಿಷ್ಣು ಚಿಂಚಾಳ್ಕರ್ ಅವರು ಒಣ ಎಲೆಗಳನ್ನು ಜೋಡಿಸಿಯೇ ಪ್ರಾಣಿ, ಪಕ್ಷಿಗಳನ್ನು ತೋರಿಸುತ್ತಿದ್ದರು. ಅದಕ್ಕೆ ಬೇಕಾದದ್ದು ಬಿದ್ದ ಎಲೆಗಳು ಮತ್ತು ಸ್ವಲ್ಪ ಅಂಟು ಮಾತ್ರ.

ನವಲಗುಂದದ ಹೆಸರು ಜಮಖಾನೆಗಳಿಂದ. ಭೌಗೋಳಿಕ ಸೂಚಿಕೆಯೂ ದೊರೆತಿದೆ. ಅದನ್ನು ನೇಯುವವರು ಮಹಿಳೆಯರು. ಮಕ್ಕಳಿಗೆ ನೇಯ್ಗೆಯ ರುಚಿ ತೋರಿಸಲು ಕವಣೆಯಂತೆ ಕವಲೊಡೆದ ಒಂದು ಕಡ್ಡಿ ಸಾಕು. ಕವಲುಗಳ ನಡುವೆ ಹತ್ತಿಯ ದಾರವನ್ನು ಎಂಟು ಹತ್ತು ಸುತ್ತು ಬಿಗಿದು, ಒಂದೆಳೆ ಮೇಲೆ ಒಂದೆಳೆ ಕೆಳಗೆ ಎಂದು ಒಣ ಹುಲ್ಲು, ಕೋಳಿ ಗರಿ ತೂರಿಸುತ್ತ ಹೋಗಬೇಕು. ಆರು ವರ್ಷದವರು ಅರ್ಧ ಗಂಟೆ ಸದ್ದಿಲ್ಲದೆ ಕೂರುತ್ತಾರೆ.

ಮುಟ್ಟಬಾರದವು

ಶಿಬಿರ ನಡೆಸುವವರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಮಣ್ಣಿನ ಮೂರ್ತಿಗಳಿಗೆ ಕಣ್ಣಾಗಿ ಗುಲಗಂಜಿ ಇಡುವ ವಾಡಿಕೆ ಇದೆ. ಕೆಂಪು ಕಪ್ಪಿನ ಆ ಬೀಜ ನೋಡಲು ಚೆಲುವು, ಆದರೆ ಅದರೊಳಗಿನ ಅಬ್ರಿನ್ ಎಂಬ ವಿಷ ಪ್ರಾಣ ತೆಗೆಯಬಲ್ಲದು. ಇಡಿಯಾಗಿ ನುಂಗಿದ ಬೀಜ ಹಾಗೆಯೇ ಹೊರಹೋಗುವುದುಂಟು. ಅಗಿದರೆ, ಅಥವಾ ದಾರ ಪೋಣಿಸಲು ತೂತು ಮಾಡಿದ ಬೀಜವಾದರೆ ಅಪಾಯ ಹೆಚ್ಚು. ಪುಟ್ಟ ಮಕ್ಕಳ ಕೆಲಸದಲ್ಲಿ ಗುಲಗಂಜಿ ಬೇಡವೇ ಬೇಡ. ಔಡಲ ಬೀಜ, ದತ್ತೂರಿ ಕಾಯಿ, ಕಣಗಿಲೆಯ ಎಲೆ, ಕಡ್ಡಿಗಳೂ ಇದೇ ಸಾಲಿನವು. ಮಗು ಬಾಯಿಗೆ ಹಾಕಿಕೊಂಡಿತೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸುತ್ತ ಕೂರದೆ, ಉಳಿದ ಬೀಜವನ್ನೂ ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಲಕ್ಷಣ ಕಾಣಿಸಲು ಕೆಲವು ತಾಸು ಹಿಡಿಯಬಹುದು, ಅಲ್ಲಿಯವರೆಗೆ ಕಾಯಬಾರದು. ಎತ್ತಿನ ಕಣ್ಣಿಗೆ ಕುಸುಬಿಯೋ ಜೋಳವೋ ಇರಲಿ. ಅದೂ ಐದು ವರ್ಷ ದಾಟಿದವರಿಗೆ ಮಾತ್ರ. ಚಿಕ್ಕವರು ಕಾಳನ್ನು ಮೂಗಿಗೆ ತೂರಿಸಿಕೊಳ್ಳುತ್ತಾರೆ. ಅವರಿಗೆ ಕಡ್ಡಿಯಿಂದ ಒತ್ತಿದ ಗುಳಿಯೇ ಕಣ್ಣು.

ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಹಾನಿ. ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ರಸ್ತೆ ಬದಿಯ ಕಾಂಗ್ರೆಸ್ ಕಸದ ಬಿಳಿ ಹೂ ಮಕ್ಕಳನ್ನು ಸೆಳೆಯುತ್ತದೆ. ಅದರಿಂದ ಚರ್ಮದ ತುರಿಕೆ, ಕೆಲವರಿಗೆ ಉಸಿರಾಟದ ತೊಂದರೆ. ಹುತ್ತದ ಮಣ್ಣು ನುಣುಪು ನಿಜ, ಆದರೆ ಮಕ್ಕಳನ್ನು ಹುತ್ತ ಕೆದಕಲು ಬಿಡಬಾರದು. ಗೆದ್ದಲು ಬಿಟ್ಟ ಹುತ್ತದಲ್ಲಿ ಹಾವಿರಬಹುದು.

ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಔಷಧಿ ಹೊಡೆಯುತ್ತಿರುತ್ತಾರೆ. ಆ ಬದುಗಳಿಂದ ಮಣ್ಣು, ಹೂ, ಹುಲ್ಲು ತರಬೇಡಿ. ಖಾಲಿ ಔಷಧಿ ಡಬ್ಬಿಯನ್ನು ಮಣ್ಣು ನೆನೆಸಲು ಎಷ್ಟು ತೊಳೆದರೂ ಬಳಸಬಾರದು. ನಾಯಿ, ಬೆಕ್ಕು ಓಡಾಡುವ, ಬಯಲು ಶೌಚದ ಜಾಗದ ಮಣ್ಣೂ ಬೇಡ, ಕೊಕ್ಕೆಹುಳು ಬರಿಗಾಲಿನಿಂದಲೇ ಒಳಹೋಗುತ್ತದೆ. ಶಿಬಿರಕ್ಕೆ ಮುಂಚೆ ತಾಯಂದಿರನ್ನು ಲಸಿಕೆಯ ಕಾರ್ಡಿನ ಬಗ್ಗೆ ಕೇಳಿ. ಧನುರ್ವಾಯು ತಡೆಯುವ ಡಿಪಿಟಿಯ ಎರಡನೆಯ ಬೂಸ್ಟರ್ ಐದರಿಂದ ಆರು ವರ್ಷದಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. ಎಷ್ಟೋ ಮಕ್ಕಳಿಗೆ ಆ ಒಂದು ಚುಚ್ಚುಮದ್ದೇ ಬಿಟ್ಟುಹೋಗಿರುತ್ತದೆ. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಸಿ. ಎರೆಮಣ್ಣು ಉಗುರಿನ ಸಂದಿಯಲ್ಲಿ ಗಟ್ಟಿಯಾಗಿ ಕೂರುವುದರಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಜತೆಗಿರಲಿ.

ಮಾಡಿದ ಎತ್ತುಗಳನ್ನು ಸುಡುವುದಾಗಲಿ, ಎಣ್ಣೆಬಣ್ಣ ಬಳಿಯುವುದಾಗಲಿ ಬೇಡ. ಸುಣ್ಣದ ತಿಳಿಯಲ್ಲಿ ಎರಡು ಗೆರೆ ಎಳೆದರೆ ಸಾಕು, ಅದನ್ನೂ ದೊಡ್ಡವರೇ ಎಳೆಯಲಿ. ಮಕ್ಕಳು ಮನೆಗೆ ಒಯ್ದು ಉಳಿದವು, ಕಾಲು ಮುರಿದವು ಕೊನೆಯ ದಿನ ಒಂದು ಬಕೆಟ್ಟಿಗೆ ಬೀಳಲಿ. ಮೇಲೆ ನೀರು ಹಾಕಿಟ್ಟರೆ ಮರುದಿನಕ್ಕೆ ಕರಗಿ ಮತ್ತೆ ಮಣ್ಣು. ಮರಳು, ಹೊಟ್ಟು ಆಗಲೇ ಬೆರೆತಿರುವುದರಿಂದ ಮುಂದಿನ ತಂಡಕ್ಕೆ ಜರಡಿ ಹಿಡಿಯುವ ಕೆಲಸವೂ ಇರುವುದಿಲ್ಲ.